ನೂರು ತುಂಬುವ ಮೊದಲೇ ಉರುಳುವ ಕಟ್ಟಡಗಳು

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಗಡಿಗೆಯ ವಿಷಯದಲ್ಲಿ ಹುಟ್ಟಿದ ಈ ಮಾತು ಇಂದು ನಮ್ಮ ಪಟ್ಟಣಗಳ ಕಟ್ಟಡಗಳಿಗೆ ಅಕ್ಷರಶಃ ಅನ್ವಯಿಸುತ್ತಲಿದೆ. ಒಂದು ತಲೆಮಾರಿನವರು ಹೊಟ್ಟೆಬಟ್ಟೆ ಕಟ್ಟಿ ಎತ್ತಿ ನಿಲ್ಲಿಸಿದ ಶಾಲೆ, ಪೇಟೆ, ವಖಾರ, ನಾಟ್ಯಗೃಹಗಳನ್ನು ಜೆಸಿಬಿ ಯಂತ್ರವು ಎರಡೇ ದಿನಗಳಲ್ಲಿ ನೆಲಸಮ ಮಾಡುವದು. ಮೂರನೆಯ ದಿನ ಆ ಸ್ಥಳದಲ್ಲಿ ಏನಿತ್ತೆಂಬದೇ ದಾರಿಹೋಕರಿಗೆ ನೆನಪಾಗಲೊಲ್ಲದು. ಕೆಡವಿದವರನ್ನು ದೂಷಿಸುವದು ಸುಲಭ. ಆದರೆ ಅವರು ಯಾವ ಕಾಯದೆಯನ್ನೂ ಮುರಿದಿರುವದಿಲ್ಲ. ಬಹುಮಟ್ಟಿಗೆ ತಮ್ಮದೇ ಸ್ವತ್ತನ್ನು ಕೆಡವಿರುತ್ತಾರೆ. ಹೀಗಿರಲು ತಪ್ಪು ಎಲ್ಲಿದೆಯೆಂಬದನ್ನು ಶಾಂತಚಿತ್ತದಿಂದ ವಿಚಾರಿಸುವದೇ ಈ ಲೇಖದ ಉದ್ದೇಶವಾಗಿರುವದು.

ಕಳೆದ ತಿಂಗಳು ಕಾರ್ಯಾಂತರದಿಂದ ನಾವು ಭೋಜಕ್ಕೆ ಹೋಗಿದ್ದೆವು. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿರುವ ಈ ಗ್ರಾಮವು ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದ ಸಮೀಪದಲ್ಲಿರುವದು. ಜೈನ ಬಾಂಧವರು ಇದನ್ನು ಆಚಾರ್ಯ ಶಾಂತಿಸಾಗರ ಮಹಾರಾಜರ ಪೂರ್ವಾಶ್ರಮದ ಊರೆಂದು ಪೂಜ್ಯಭಾವದಿಂದ ಸ್ಮರಿಸುವರು. ನಾವು ಇಳಿದುಕೊಂಡದ್ದು ಎಂಬತ್ತರ ಸಮೀಪಕ್ಕೆ ಬಂದ ಒಬ್ಬ ಗೃಹಸ್ಥರ ಮನೆಯಲ್ಲಿ. ಅವರ ತಂದೆಯವರು ತಂಬಾಕಿನ ವ್ಯಾಪಾರ ಮಾಡಿ ನಿಪ್ಪಾಣಿಯ ಪೇಟೆಯಲ್ಲಿ ಒಂದು ವಖಾರ ಕಟ್ಟಿಸಿದ್ದರು. ಅದನ್ನು ನಾವು ಎಳೆಯ ವಯಸ್ಸಿನಿಂದ ನೋಡುತ್ತ ಬಂದವರು. ಕರಿಕಲ್ಲಿನ ದಪ್ಪ ಗೋಡೆ, ತುಂಬಿದ ಚಕ್ಕಡಿ ಒಳನುಗ್ಗುವಷ್ಟು ಅಗಲವಾದ ಬಾಗಿಲು, ಸಾಗವಾನಿ ತೊಲೆಗಳ ಮೇಲೆ ಮಂಗಳೂರು ಹಂಚಿನ ಮಾಡು, ತಂಬಾಕಿನ ಘಾಟು ಹೊರಟುಹೋಗಲೆಂದು ಗೋಡೆಯ ನೆತ್ತಿಯಲ್ಲಿ ಸಾಲಾಗಿ ಇಟ್ಟ ಗಾಳಿಕಿಂಡಿ. ಬೇಸಿಗೆಯ ನಡುಹಗಲಿನಲ್ಲಿಯೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುವದು.

ರಾತ್ರಿ ಊಟವಾದ ಮೇಲೆ ನಾವೇ ಮಾತು ತೆಗೆದೆವು: “ಕಾಕಾ, ನಿಪ್ಪಾಣಿ ವಖಾರ ತಗೀತೀರಂತ ಕೇಳಿದ್ವಿ. ಖರೇನ?”

“ಖರೇನರಿ. ಹುಡುಗೂರು ಅಲ್ಲಿ ಮೂರಂತಸ್ತು ಮಳಿಗಿ ಕಟ್ಟಸ್ತೀವಿ ಅಂತಾರ. ದೀಪಾವಳಿ ಆದ ಮ್ಯಾಲೆ ಕೆಲಸಾ ಹಿಡಿಯೂದು.”

“ಅಂಥಾ ಕಟ್ಟಡ ಮತ್ತ ಹುಟ್ಟೀತೇನ್ರಿ?”

“ಹುಟ್ಟಂಗಿಲ್ಲ, ನನಗೂ ಗೊತ್ತದ. ಆದರ ಸಾಹೇಬರ, ನಾ ಅದನ್ನ ಉಳಿಸಿದರ ಯಾರಿಗೆ ಬೇಕಾಗೇದ? ಸರಕಾರಕ್ಕ ಬೇಕೇನು? ಮುನಸೀಪಾಲ್ಟಿಗೆ ಬೇಕೇನು? ಹಂಚ ಒಡದ್ರ ಹಾಕ್ಸಾವ ನಾ, ಪಟ್ಟಿ ತುಂಬಾಂವ ನಾ. ಚಲೋ ಐತಿ ಅಂತ ಹೇಳಿ ಹೋಗಾವ್ರು ನೀವು!”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ಕಾಯದೆಯ ಪುಸ್ತಕಗಳನ್ನು ತೆರೆದು ನೋಡಿದೆವು. ಬೇರೆ ಊರುಗಳಲ್ಲಿ ನಡೆದ ಸಂಗತಿಗಳನ್ನು ಕೂಡಿಸಿದೆವು. ಅದರಿಂದ ದೊರೆತ ಉತ್ತರವನ್ನು ಇಂದು ವಾಚಕರ ಮುಂದಿಡುತ್ತಲಿದ್ದೇವೆ.

ಮೊದಲು ಕಾಯದೆಯ ಲೆಕ್ಕವನ್ನು ನೋಡುವಾ. ಭಾರತ ಸರಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯದೆಯು ಒಂದು ಕಟ್ಟಡವನ್ನು ಪ್ರಾಚೀನ ಸ್ಮಾರಕವೆಂದು ಕರೆಯಬೇಕಾದರೆ ಅದು ಕನಿಷ್ಠ 100 ವರ್ಷಗಳಿಂದ ಅಸ್ತಿತ್ವದಲ್ಲಿರಬೇಕೆಂದು ವಿಧಿಸಿದೆ. ನಮ್ಮ ರಾಜ್ಯದ 1961ರ ಸ್ಮಾರಕ ಕಾಯದೆಯೂ ಇದೇ ಅಳತೆಗೋಲನ್ನು ಇಟ್ಟುಕೊಂಡಿದೆ. ಗೋಳಗುಮ್ಮಟಕ್ಕೂ ಹಂಪೆಯ ದೇವಾಲಯಗಳಿಗೂ ಈ ಅಳತೆ ಸರಿಯಾದದ್ದೇ. ಆದರೆ ಇಂದಿನಿಂದ ನೂರು ವರ್ಷ ಹಿಂದಕ್ಕೆ ಎಣಿಸಿದರೆ ನಾವು ಎಲ್ಲಿಗೆ ಬರುವೆವು? ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ 1924ರ ಬೆಳಗಾವಿ ಕಾಂಗ್ರೆಸ್ಸಿನ ಕಾಲಕ್ಕೆ ಬರುವೆವು. ಅಂದರೆ ಸ್ವಾತಂತ್ರ್ಯ ಚಳುವಳಿಯ ಉತ್ತರಾರ್ಧದಲ್ಲಿ ನಮ್ಮ ಹಿರಿಯರು ವರ್ಗಣಿ ಕೂಡಿಸಿ ಕಟ್ಟಿದ ಶಾಲೆಗಳು, ಸಹಕಾರಿ ಸಂಘಗಳ ಮನೆಗಳು, ಕಾರಖಾನೆಗಳು, ಸಿನೇಮಾ ಮಂದಿರಗಳು ಹಾಗೂ ಸ್ವಾತಂತ್ರ್ಯಾನಂತರ ಎದ್ದ ಸಾರ್ವಜನಿಕ ಸೌಧಗಳು, ಇವೆಲ್ಲವೂ ಆ ಕಾಯದೆಗಳ ದೃಷ್ಟಿಗೆ ಬೀಳುವದೇ ಇಲ್ಲ.

ಈ ಲೆಕ್ಕದ ವೈಚಿತ್ರ್ಯಕ್ಕೆ ಒಂದೇ ಉದಾಹರಣೆ ಸಾಕು. ಬೆಂಗಳೂರಿನ ವಿಧಾನಸೌಧಕ್ಕೆ 1951ರ ಜುಲೈ 13ರಂದು ಪಂಡಿತ ನೆಹರೂ ಅವರು ಅಡಿಗಲ್ಲನ್ನಿಟ್ಟರು. ಕೆಂಗಲ್ ಹನುಮಂತಯ್ಯನವರ ಛಲದಿಂದ ಅದು ಬೆಳೆದು 1956ರಲ್ಲಿ ಪೂರ್ಣವಾಯಿತು. ಕನ್ನಡ ನಾಡು ಒಂದಾದ ವರ್ಷವೇ ಅದು ಪೂರ್ಣವಾದದ್ದು ಎಂತಹ ಯೋಗಾಯೋಗ! ಆದರೂ ಅದಕ್ಕೆ ನೂರು ತುಂಬಲು 2056ನೆಯ ಇಸವಿ ಬರಬೇಕು. ಅಲ್ಲಿಯವರೆಗೆ ಅದು ಕಾಯದೆಯ ಅರ್ಥದಲ್ಲಿ ಪ್ರಾಚೀನವಲ್ಲ. ವಿಧಾನಸೌಧವನ್ನು ಕೆಡವುವ ಎದೆಗಾರಿಕೆ ಯಾರಿಗೂ ಇಲ್ಲವೆಂಬದು ನಿಜ. ಅದನ್ನು ಜನರ ಅಭಿಮಾನವೇ ಕಾಯುತ್ತಲಿದೆ. ಆದರೆ ನಿಪ್ಪಾಣಿಯ ವಖಾರವನ್ನೋ ಚಿಕ್ಕೋಡಿಯ ಶಾಲೆಯನ್ನೋ ಕಾಯುವದಕ್ಕೆ ಅಷ್ಟು ಜನರಿಲ್ಲ. ಕಟ್ಟಡವು ನೂರು ವರ್ಷ ಬಾಳಿದರೆ ರಕ್ಷಣೆ ದೊರೆತೀತು. ರಕ್ಷಣೆ ಇಲ್ಲದೆ ಅದು ನೂರು ವರ್ಷ ಬಾಳಲಾರದು. ಹೊಸ ಕಟ್ಟಡಕ್ಕೆ ಹೊಸತೆಂಬ ಆಕರ್ಷಣೆ ಇರುವದು, ಹಳೆಯದಕ್ಕೆ ಪ್ರಾಚೀನವೆಂಬ ಗೌರವವಿರುವದು. ಐವತ್ತರಿಂದ ನೂರು ವರ್ಷಗಳ ನಡುವಿನ ಕಟ್ಟಡಕ್ಕೆ ಇವೆರಡೂ ಇಲ್ಲ. ಅದು ಬರಿ ‘ಹಳೇ ಕಟ್ಟಡ’ವಾಗಿ ಎಲ್ಲರಿಗೂ ಭಾರವೆನಿಸುವದು ಇದೇ ಅವಧಿಯಲ್ಲಿ.

ಇದು ಕಲ್ಪನೆಯ ಭಯವಲ್ಲ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಂದರ್ಭದಲ್ಲಿ, 1972ರಲ್ಲಿ, ದಿಲ್ಲಿಯ ಪ್ರಗತಿ ಮೈದಾನದಲ್ಲಿ ‘ಹಾಲ್ ಆಫ್ ನೇಷನ್ಸ್’ ಎಂಬ ಪ್ರದರ್ಶನ ಭವನ ಎದ್ದಿತು. ವಾಸ್ತುಶಿಲ್ಪಿ ರಾಜ್ ರೇವಲ್ ಅವರೂ ಇಂಜನಿಯರ ಮಹೇಂದ್ರ ರಾಜ್ ಅವರೂ ಕೂಡಿ ಅದನ್ನು ರಚಿಸಿದರು. ಅಂತಹ ಜಾಲಂದರ ರಚನೆಯನ್ನು ಬೇರೆ ದೇಶಗಳಲ್ಲಿ ಉಕ್ಕಿನಿಂದ ಮಾಡುತ್ತಿದ್ದರು. ನಮ್ಮಲ್ಲಿ ಉಕ್ಕು ದುಬಾರಿ, ಕೈಕೆಲಸದವರು ಬೇಕಾದಷ್ಟು. ಆದುದರಿಂದ ಅದನ್ನು ಕಾಂಕ್ರೀಟಿನಲ್ಲಿಯೇ ಸ್ಥಳದಲ್ಲಿ ಎರಕ ಹೊಯ್ದು ನಿಲ್ಲಿಸಿದರು. ನಡುವೆ ಒಂದು ಕಂಬವೂ ಇಲ್ಲದ ಆ ವಿಶಾಲ ಭವನವನ್ನು ಕಂಡು ಪರದೇಶದವರೂ ತಲೆದೂಗಿದರು. ಬಡತನವನ್ನೇ ಬಂಡವಾಳ ಮಾಡಿಕೊಂಡು ಸ್ವತಂತ್ರ ಭಾರತವು ತೋರಿಸಿದ ಬುದ್ಧಿವಂತಿಕೆ ಅದು. ಅದನ್ನು ಉಳಿಸಿರೆಂದು ದೇಶವಿದೇಶಗಳಿಂದ ಮನವಿಗಳು ಬಂದವು. ಆದರೆ ದಿಲ್ಲಿಯ ಪರಂಪರಾ ಸಮಿತಿಯವರು 60 ವರ್ಷ ತುಂಬದ ಕಟ್ಟಡವನ್ನು ತಾವು ಪರಿಗಣಿಸಲಾರೆವೆಂದರು. ನ್ಯಾಯಾಲಯದಲ್ಲಿಯೂ ಪರಿಹಾರ ದೊರೆಯಲಿಲ್ಲ. 2017ರ ಏಪ್ರಿಲ ತಿಂಗಳಿನ ಒಂದು ರಾತ್ರಿಯಲ್ಲಿ ಅದನ್ನು ಕೆಡವಿಬಿಟ್ಟರು. ಆಗ ಅದರ ವಯಸ್ಸು ಕೇವಲ 45.

ನಮ್ಮ ನಾಡೂ ಇದಕ್ಕೆ ಹೊರತಾಗಿಲ್ಲ. ಅದೇ 2017ರಲ್ಲಿ ಬೆಂಗಳೂರಿನ ಲಾಲಬಾಗಿನೊಳಗಿನ ಕ್ರುಂಬಿಗಲ್ ಸಭಾಗೃಹವು ನೆಲಕ್ಕುರುಳಿತು. ಅದು ನೂರನ್ನು ದಾಟಿದ ಕಟ್ಟಡ. ಬಹುಕಾಲ ಯಾರೂ ದುರಸ್ತಿ ಮಾಡದೆ ಬಿಟ್ಟದ್ದರಿಂದ ಮೊದಲು ತಾನಾಗಿ ಶಿಥಿಲವಾಯಿತು, ಶಿಥಿಲವಾದದ್ದನ್ನು ಕೆಡವಿದರು. ಕಾಯದೆಯ ವಯಸ್ಸು ತುಂಬಿದ್ದರೂ ಆರೈಕೆ ಮಾಡುವ ಕೈಗಳಿಲ್ಲದಿದ್ದರೆ ಏನು ಗತಿಯೆಂಬದಕ್ಕೆ ಇದು ಸಾಕ್ಷಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವದು ನ್ಯಾಯವಲ್ಲ. “ಪಟ್ಟಣಗಳು ಬೆಳೆಯಬೇಡವೇ? ಜನರ ಪ್ರಾಣಕ್ಕಿಂತ ಕಲ್ಲುಮಣ್ಣು ಹೆಚ್ಚೇ?” ಎಂದು ಅಧಿಕಾರಿಗಳು ಕೇಳುವರು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಅಗಸ್ಟ ತಿಂಗಳಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅದರ ನೆರೆಯ ದೇವರಾಜ ಮಾರುಕಟ್ಟೆಯ ಉತ್ತರ ಭಾಗವು 2016ರ ಅಗಸ್ಟದಲ್ಲಿ ಬಿದ್ದಿತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ವರ್ಷಾನುಗಟ್ಟಲೆ ನಡೆದು, 2023ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ತಜ್ಞರ ವರದಿಯನ್ನು ಮನ್ನಿಸಿ ಕೆಡವಿ ಕಟ್ಟುವ ನಿರ್ಧಾರವನ್ನೇ ಎತ್ತಿಹಿಡಿಯಿತು. ಇನ್ನು ನಮ್ಮ ಭಾಗದ ಮಾತು: 2019ರ ಅಗಸ್ಟದಲ್ಲಿಯೂ 2021ರ ಜುಲೈದಲ್ಲಿಯೂ ದೂಧಗಂಗೆ ವೇದಗಂಗೆಗಳು ಉಕ್ಕಿ ಬಂದಾಗ ನದೀತೀರದ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದುಬಿದ್ದದ್ದನ್ನು ಜನರು ಮರೆತಿಲ್ಲ. ಹೀಗೆ ನೊಂದವನು ಸಿಮೆಂಟಿನ ಮನೆಯನ್ನು ಬಯಸಿದರೆ ಅವನಿಗೆ ಪರಂಪರೆಯ ಉಪದೇಶ ಮಾಡುವದು ಕ್ರೌರ್ಯವಾದೀತು. ಪ್ರಾಣಕ್ಕೆ ಎರವಾಗುವ ಗೋಡೆಯನ್ನು ಉಳಿಸಿರೆಂದು ನಾವು ಎಂದೂ ಹೇಳುವದಿಲ್ಲ.

ಆದರೆ ಆ ಗೋಡೆ ಪ್ರಾಣಾಂತಿಕವಾದದ್ದು ಹೇಗೆ? ಮೈಸೂರಿನ ಆ ಕಟ್ಟಡಗಳು ಒಂದೇ ದಿನ ಮುಪ್ಪಾದವೇ? ಹಂಚು ಒಡೆದು ಮಳೆನೀರು ಸುಣ್ಣದ ಗಾರೆಗೆ ಇಳಿಯುವದು. ಗಾರೆ ಸಡಿಲವಾದಲ್ಲಿ ಅರಳಿ ಗಿಡ ಬೇರು ಬಿಡುವದು. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿ ದುರಸ್ತಿ ಮಾಡಿದೆವೆಂದರೆ ಒಳಗಿನ ತೇವ ಹೊರಬರದೆ ಗೋಡೆಯನ್ನು ಒಳಗಿಂದೊಳಗೆ ತಿನ್ನುವದು. ಪ್ರತಿವರ್ಷ ಮಳೆಗಾಲದ ಮುಂಚೆ ಮಾಡು ಕೈಯಾಡಿಸಿ ನೀರು ಹರಿಯುವ ದೋಣಿಗಳನ್ನು ತೆಗೆದರೆ ಕಟ್ಟಡವು ಹತ್ತಾರು ವರ್ಷ ಹೆಚ್ಚು ಬಾಳುವದೆಂಬದು ನಮ್ಮ ಗೌಂಡಿಗಳಿಗೆಲ್ಲ ಗೊತ್ತು. ವರ್ಷಕ್ಕೆ ಸಾವಿರ ರೂಪಾಯಿ ಖರ್ಚು ಮಾಡಲೊಲ್ಲದೆ ಕೊನೆಗೆ ಕೋಟಿ ಖರ್ಚು ಮಾಡಿ ಕೆಡವಿ ಕಟ್ಟುವದನ್ನು ಯಾವ ಸಂಸಾರಸ್ಥನೂ ಜಾಣತನವೆನ್ನಲಾರ. ‘ಅಪಾಯಕಾರಿ’ ಎಂಬ ಹಲಗೆ ಅನೇಕ ಸಲ ಮುಪ್ಪಿನ ಗುರುತಲ್ಲ, ಅನಾದರದ ಗುರುತು. ಅದನ್ನು ತೂಗುಹಾಕುವ ಮುನ್ನ ಕಳೆದ ಹತ್ತು ವರ್ಷಗಳಲ್ಲಿ ದುರಸ್ತಿಗೆ ಎಷ್ಟು ಖರ್ಚು ಮಾಡಿದಿರೆಂದು ಕೇಳುವ ಪದ್ಧತಿ ಬರಬೇಕು.

ಇನ್ನು ಉಳಿಸಿಕೊಂಡವರ ಕಥೆಯನ್ನೂ ಹೇಳುವಾ. ಬೆಂಗಳೂರಿನ ಅಠಾರಾ ಕಚೇರಿ, ಅಂದರೆ ಈಗಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡವು, 1868ರಲ್ಲಿ ಪೂರ್ಣವಾದದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಸಲಹೆ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸಾರ್ವಜನಿಕ ವಿರೋಧದಿಂದ ಅದು ಉಳಿಯಿತು. ಇಂದು ಅದಿಲ್ಲದ ಬೆಂಗಳೂರನ್ನು ಊಹಿಸಲಾಗುವದೇ? ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡವು ಮೂಲತಃ ಸದರ್ನ್ ಮರಾಠಾ ರೇಲ್ವೆಯ ಮುಖ್ಯ ಕಚೇರಿಯಾಗಿತ್ತು. ರೇಲ್ವೆಯವರಿಗೆ ಅದು ಬೇಡವಾದ ಮೇಲೆ ಪಾಳುಬೀಳಲಿಲ್ಲ. 1917ರಲ್ಲಿ ಆರಂಭವಾದ ಕಾಲೇಜಿಗೆ ಆಶ್ರಯವಾಯಿತು. ರೇಲ್ವೆಯ ಕಾರಕೂನರು ಕುಳಿತ ಕೋಣೆಗಳಲ್ಲಿ ಕನ್ನಡ ನಾಡಿನ ಎಷ್ಟೋ ಕವಿಗಳೂ ಪಂಡಿತರೂ ಪಾಠ ಕೇಳಿದರು. ಬೆಳಗಾವಿ ಕಾಂಗ್ರೆಸ್ಸಿನ ಮಂಟಪಗಳು ಅಧಿವೇಶನ ಮುಗಿದೊಡನೆ ಹೋದವು. ಅಂದು ನೀರಿಗಾಗಿ ತೋಡಿದ ಬಾವಿ ಮಾತ್ರ ಇಂದಿಗೂ ತಿಳಕವಾಡಿಯಲ್ಲಿ ಉಳಿದಿದೆ. 2024ರಲ್ಲಿ ಅಧಿವೇಶನದ ಶತಮಾನೋತ್ಸವವೂ ನಡೆಯಿತು. ಇವುಗಳಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟ: ಬಳಕೆಯಲ್ಲಿರುವ ಕಟ್ಟಡ ಬಾಳುವದು, ಬೀಗ ಹಾಕಿದ ಕಟ್ಟಡ ಸಾಯುವದು.

1956ರವರೆಗೆ ನಮ್ಮ ಜಿಲ್ಹೆಗೆ ರಾಜಧಾನಿಯಾಗಿದ್ದ ಮುಂಬಯಿಯು ಈ ವಿಷಯದಲ್ಲಿ ಭಾರತಕ್ಕೆಲ್ಲ ಮುಂದಾಳಾಯಿತೆಂಬದನ್ನು ಇಲ್ಲಿ ಹೇಳಲೇಬೇಕು. 1995ರಲ್ಲಿ ಅಲ್ಲಿ ಜಾರಿಗೆ ಬಂದ ಪರಂಪರಾ ನಿಯಮಗಳು ಕಟ್ಟಡಗಳ ಪಟ್ಟಿ ಮಾಡಿ ಅವುಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿದವು. ಮೊದಲ ದರ್ಜೆಯದನ್ನು ಮುಟ್ಟುವಂತಿಲ್ಲ. ಎರಡನೆಯದರಲ್ಲಿ ಒಳಗೆ ಕೆಲವು ಬದಲಾವಣೆಗಳಿಗೆ ಅವಕಾಶ. ಮೂರನೆಯದರಲ್ಲಿ ಇನ್ನೂ ಹೆಚ್ಚಿನ ಸಡಿಲಿಕೆ. ಮುಖ್ಯವಾದ ಮಾತೆಂದರೆ, ಕಟ್ಟಡವನ್ನು ಉಳಿಸಿಕೊಂಡ ಮಾಲಕನು ತನ್ನ ನಿವೇಶನದಲ್ಲಿ ಎತ್ತರಕ್ಕೆ ಕಟ್ಟುವ ಹಕ್ಕನ್ನು ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಆ ಹಕ್ಕನ್ನು ಊರಿನ ಬೇರೆ ಭಾಗಕ್ಕೆ ವರ್ಗಾಯಿಸಿ ಮಾರುವ ವ್ಯವಸ್ಥೆಯನ್ನೂ ಅವರು ಮಾಡಿದರು. ಭೋಜದ ಕಾಕಾ ಅವರ ಪ್ರಶ್ನೆಗೆ ಮುಂಬಯಿ ಕೊಟ್ಟ ಉತ್ತರ ಅದು. ಫಲವೇನಾಯಿತು? ಸಮುದ್ರತೀರದಲ್ಲಿಯೂ ಓವಲ್ ಮೈದಾನದ ಪಕ್ಕದಲ್ಲಿಯೂ 1930ರ ನಂತರ ಎದ್ದ ಬಾಡಿಗೆಯ ಮನೆಗಳು ಮತ್ತು ಸಿನೇಮಾ ಮಂದಿರಗಳು, ಎದುರು ಬದಿಯ ವಿಕ್ಟೋರಿಯಾ ಕಾಲದ ಸೌಧಗಳೊಡನೆ, 2018ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ಎರಡು ವರ್ಷ ಮೊದಲು, 2016ರಲ್ಲಿ, ಲ ಕಾರ್ಬೂಸಿಯೇ ರಚಿಸಿದ ಚಂಡೀಗಡದ ಶಾಸನಸಭೆ ನ್ಯಾಯಾಲಯಗಳ ಸಮುಚ್ಚಯವೂ ಅದೇ ಗೌರವ ಪಡೆಯಿತು. ಇವು ಯಾವವಕ್ಕೂ ನೂರು ತುಂಬಿರಲಿಲ್ಲ. ಜಗತ್ತು ಮಾನ್ಯ ಮಾಡಿದ ಕಟ್ಟಡಗಳನ್ನು ನಮ್ಮ ಸ್ಮಾರಕ ಕಾಯದೆಯು ಇನ್ನೂ ಎಳೆಯವೆಂದು ಬದಿಗಿಡುವದೆಂದರೆ ಇದಕ್ಕೆ ಏನೆನ್ನಬೇಕು? ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಮಾತು ನೆನಪಾಗುವದಿಲ್ಲವೇ?

ಪರದೇಶದವರೂ ಪೆಟ್ಟು ತಿಂದೇ ಕಲಿತರು. ಲಂಡನ್ನಿನ ಪಶ್ಚಿಮ ಭಾಗದಲ್ಲಿ ಫೈರ್‌ಸ್ಟೋನ್ ಟಾಯರ ಕಂಪನಿಯ ಸುಂದರವಾದ ಕಾರಖಾನೆ ಇತ್ತು, 1928ರದು. 1980ರ ಅಗಸ್ಟದಲ್ಲಿ ಅದನ್ನು ರಕ್ಷಿತ ಪಟ್ಟಿಗೆ ಸೇರಿಸುವ ಆಜ್ಞೆ ಇನ್ನೇನು ಹೊರಡಬೇಕೆನ್ನುವಷ್ಟರಲ್ಲಿ ವಾರಾಂತ್ಯದ ರಜೆ ಬಂದಿತು. ಕಚೇರಿಗಳು ತೆರೆಯುವದರೊಳಗೆ ಮಾಲಕರು ಅದರ ಮುಂಭಾಗವನ್ನು ಪುಡಿ ಮಾಡಿಬಿಟ್ಟಿದ್ದರು. ಆ ಆಘಾತದಿಂದ ಎಚ್ಚತ್ತ ಇಂಗ್ಲಂಡವು ಎರಡು ಮಹಾಯುದ್ಧಗಳ ನಡುವಿನ ಕಟ್ಟಡಗಳ ಕಡೆಗೆ ಲಕ್ಷ್ಯ ಕೊಟ್ಟಿತು. ಇಂದು ಅಲ್ಲಿ 30 ವರ್ಷ ತುಂಬಿದ ಯಾವ ಕಟ್ಟಡವೂ ಯೋಗ್ಯತೆಯಿದ್ದರೆ ಪಟ್ಟಿಗೆ ಸೇರಬಹುದು. ಅಮೇರಿಕೆಯಲ್ಲಿ ಸಾಮಾನ್ಯವಾಗಿ 50 ವರ್ಷ. ನಮಗೆ ಮಾತ್ರ ನೂರೇ ಏಕೆ ಬೇಕು?

ಈಗ ನಮ್ಮ ವಾಚಕರಲ್ಲಿ ಹಲವರಿಗೆ, ವಿಶೇಷವಾಗಿ ಅಧಿಕಾರಸ್ಥಾನದಲ್ಲಿ ಕುಳಿತವರಿಗೆ, ತಿಳಿಯದಿರಬಹುದಾದ ಒಂದು ಸಂಗತಿಯನ್ನು ಹೇಳುತ್ತೇವೆ. ಬಾಗಿಲು ಪೂರ್ತಿಯಾಗಿ ಮುಚ್ಚಿಲ್ಲ! ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯದೆಗೆ ಆನಂತರ ಮಾಡಿದ ತಿದ್ದುಪಡಿಯಲ್ಲಿ ‘ಪಾರಂಪರಿಕ ಕಟ್ಟಡ’ವೆಂಬ ವ್ಯಾಖ್ಯೆಯನ್ನು ಸೇರಿಸಲಾಗಿದೆ. ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಬೆಲೆಯುಳ್ಳ ಕಟ್ಟಡವನ್ನು ಯೋಜನಾ ಪ್ರಾಧಿಕಾರವು ಪಾರಂಪರಿಕವೆಂದು ಘೋಷಿಸಬಹುದು. ಅಲ್ಲಿ ನೂರು ವರ್ಷಗಳ ಮಾತಿಲ್ಲ! ಒಂದು ಕಟ್ಟಡವಷ್ಟೇ ಅಲ್ಲ, ಒಂದು ಓಣಿಯನ್ನೋ ಪೇಟೆಯನ್ನೋ ಪಾರಂಪರಿಕ ಪ್ರದೇಶವೆಂದು ಗುರುತಿಸಲಿಕ್ಕೂ ಅವಕಾಶವಿದೆ. ಅಂದರೆ ಅಸ್ತ್ರವು ಬತ್ತಳಿಕೆಯಲ್ಲಿಯೇ ಇದೆ. ತೆಗೆದು ಹೂಡುವವರು ಬೇಕಾಗಿದ್ದಾರೆ. ಬೆಂಗಳೂರು ಮೈಸೂರುಗಳಲ್ಲಿ ಪರಂಪರೆಯ ಚರ್ಚೆಯಾದರೂ ನಡೆಯುವದು. ನಮ್ಮ ಬೆಳಗಾವಿ ಜಿಲ್ಹೆಯ ತಾಲೂಕು ಪಟ್ಟಣಗಳಲ್ಲಿ ಅಂತಹ ಚರ್ಚೆ ನಮ್ಮ ಕಿವಿಗೆ ಬಿದ್ದಿಲ್ಲ.

ಕಾಪಾಡತಕ್ಕದ್ದು ನಮ್ಮಲ್ಲಿ ಏನಿದೆಯೆಂದು ಕೇಳುವವರಿಗೆ ನಿಪ್ಪಾಣಿಯ ವಖಾರಗಳನ್ನೇ ತೋರಿಸುವೆವು. ಬೀಡಿ ತಂಬಾಕಿನ ವ್ಯಾಪಾರವೇ ನಿಪ್ಪಾಣಿಯನ್ನು ಪಟ್ಟಣವನ್ನಾಗಿ ಮಾಡಿತು. ಆ ವ್ಯಾಪಾರದ ಲಾಭವೂ ಅದರ ಕಷ್ಟವೂ ಆ ಗೋಡೆಗಳ ಒಳಗೆ ಮಡುಗಟ್ಟಿವೆ. ಸಾವಿರಾರು ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಧೂಳಿನಲ್ಲಿ ಕುಳಿತು ತಂಬಾಕು ಜರಡಿ ಹಿಡಿದದ್ದು ಅಲ್ಲಿ. 1980ರ ದಶಕದಲ್ಲಿ ಅವರು ಸಂಘ ಕಟ್ಟಿ ಕೂಲಿಗಾಗಿ ಧ್ವನಿಯೆತ್ತಿದ್ದೂ ಅಲ್ಲಿಯೇ. 1981ರ ಮಾರ್ಚ ಏಪ್ರಿಲ ತಿಂಗಳುಗಳಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಸುತ್ತಲಿನ ಹಳ್ಳಿಗಳ ರೈತರು ಪುಣೆ ಬೆಂಗಳೂರು ಹೆದ್ದಾರಿಯನ್ನು ವಾರಗಟ್ಟಲೆ ತಡೆದು ಕುಳಿತರು; ಗೋಲೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ವ್ಯಾಪಾರಿಯ ಸಂಪತ್ತು, ಕೂಲಿ ಹೆಣ್ಣುಮಕ್ಕಳ ಬೆವರು, ರೈತನ ರಕ್ತ, ಈ ಮೂರರ ಚರಿತ್ರೆಯನ್ನು ಮುಂದಿನವರು ಎಲ್ಲಿ ನಿಂತು ಓದಬೇಕು? ಪುಸ್ತಕದಲ್ಲಿ ಮಾತ್ರವೇ? ಎಲ್ಲ ವಖಾರಗಳನ್ನೂ ಉಳಿಸಿರೆಂದು ನಾವು ಹೇಳುವದಿಲ್ಲ. ಚೆನ್ನಾಗಿರುವ ನಾಲ್ಕನ್ನು, ಇಲ್ಲವೇ ಒಂದು ಓಣಿಯನ್ನು ಉಳಿಸಿರೆಂಬದಷ್ಟೇ ನಮ್ಮ ಬೇಡಿಕೆ.

ನಿಪ್ಪಾಣಿಯಾಚೆಗೂ ಕಣ್ಣು ಹಾಯಿಸಿದರೆ, ಕುಡಚಿಯ ಬಳಿ ಕೃಷ್ಣೆಯ ಮೇಲಿನ ರೇಲ್ವೆ ಸೇತುವೆಯ ಪರಿಸರವಿದೆ. 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರಖಾನೆಯ ವಸಾಹತಿದೆ. ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ಮುಂಬಯಿ ಇಲಾಖೆಯ ಹಾಗೂ ಸಂಸ್ಥಾನಗಳ ಕಾಲದ ಶಾಲೆ, ಕಚೇರಿ, ಪ್ರವಾಸಿ ಬಂಗಲೆಗಳಿವೆ. ಇವುಗಳಲ್ಲಿ ಯಾವವು ಯೋಗ್ಯ, ಯಾವವು ಅಲ್ಲ ಎಂಬ ನಿರ್ಣಯ ಮಾಡುವದು ತಜ್ಞರ ಕೆಲಸ. ಆದರೆ ಪಟ್ಟಿಯೇ ಇಲ್ಲದಿದ್ದರೆ ತಜ್ಞರು ಯಾವದನ್ನು ನೋಡಬೇಕು?

ಆದುದರಿಂದ ನಮ್ಮ ಸೂಚನೆಗಳನ್ನು ನೇರವಾಗಿ ಹೇಳಿಬಿಡುವೆವು. ಮೊದಲನೆಯದಾಗಿ, ಪ್ರತಿಯೊಂದು ನಗರಸಭೆ ಪುರಸಭೆಯೂ ಒಂದು ವರ್ಷದೊಳಗೆ ತನ್ನ ಹದ್ದಿನಲ್ಲಿಯ, 40 ವರ್ಷ ಮೀರಿದ ಗಮನಾರ್ಹ ಕಟ್ಟಡಗಳ ಪಟ್ಟಿಯನ್ನು ಮಾಡಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಊರಿನ ಶಿಕ್ಷಕರೂ ಇಂಜನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೂ ಹಳೆಯ ಗೌಂಡಿಗಳೂ ಕೂಡಿದರೆ ಒಂದು ಬೇಸಿಗೆಯ ರಜೆಯಲ್ಲಿ ಮುಗಿಯುವ ಕೆಲಸ. ಎರಡನೆಯದಾಗಿ, ಪಟ್ಟಿಯಲ್ಲಿರುವ ಕಟ್ಟಡವನ್ನು ಕೆಡವಲು ಅರ್ಜಿ ಬಂದರೆ ಪರವಾನಿಗೆಯನ್ನು ಆರು ತಿಂಗಳು ತಡೆಹಿಡಿಯಲಿ. ಆ ಅವಧಿಯಲ್ಲಿ ಬೇರೆ ಉಪಾಯವುಂಟೇ ಎಂದು ಮಾಲಕನೊಡನೆ ಕುಳಿತು ವಿಚಾರಿಸಲಿ. ಮೂರನೆಯದಾಗಿ, ಉಳಿಸಿಕೊಂಡ ಮಾಲಕನಿಗೆ ಮನೆಪಟ್ಟಿಯಲ್ಲಿ ರಿಯಾಯಿತಿಯನ್ನೂ ದುರಸ್ತಿಗೆ ಕಡಿಮೆ ಬಡ್ಡಿಯ ಸಾಲವನ್ನೂ ಕೊಡಲಿ. ಇದಿಲ್ಲದೆ ಬರಿ ನಿರ್ಬಂಧ ಹಾಕಿದರೆ ಮಾಲಕನು ರಾತ್ರೋರಾತ್ರಿ ಮಾಡು ತೆಗೆದು ಮಳೆಗೆ ಬಿಟ್ಟಾನು; ಫೈರ್‌ಸ್ಟೋನ್ ಕಾರಖಾನೆಯ ಪಾಠ ಅದೇ. ನಾಲ್ಕನೆಯದಾಗಿ, ಸರಕಾರವೇ ಮಾಲಕನಾಗಿರುವ ಕಟ್ಟಡಗಳಲ್ಲಿ ಮೊದಲು ಮೇಲ್ಪಂಕ್ತಿ ಹಾಕಲಿ. ಹಳೆಯ ಕಚೇರಿ ಚಿಕ್ಕದಾಯಿತೆಂದು ಹೊಸದು ಕಟ್ಟಿದರೆ ಹಳೆಯದನ್ನು ವಾಚನಾಲಯಕ್ಕೋ ಮಹಿಳಾ ಸಂಘಕ್ಕೋ ಕೊಡಲಿ. ಐದನೆಯದಾಗಿ, ಕೆಡವುವದು ಅನಿವಾರ್ಯವೇ ಆದಲ್ಲಿ ಅದಕ್ಕೂ ಮುನ್ನ ನಕಾಶೆಯನ್ನೂ ಛಾಯಾಚಿತ್ರಗಳನ್ನೂ ತೆಗೆಯಿಸಿ ಪುರಸಭೆಯ ದಫ್ತರದಲ್ಲಿ ಇಡಲಿ. ಸತ್ತವರ ಹೆಸರನ್ನಾದರೂ ಬರೆದಿಡುವದು ಮನುಷ್ಯಧರ್ಮವಲ್ಲವೇ?

ನಮ್ಮ ರಾಷ್ಟ್ರಾಭಿಮಾನವು ಹಂಪೆ ಬಾದಾಮಿಗಳ ಹೆಸರು ಹೇಳಿ ಎದೆಯುಬ್ಬಿಸುವದರಲ್ಲಿ ಮುಗಿಯಬಾರದು. ಅವನ್ನು ಕಟ್ಟಿದವರು ಅರಸರು. ನಮ್ಮ ಪಟ್ಟಣದ ಶಾಲೆ, ಸೊಸೈಟಿ, ಪೇಟೆಗಳನ್ನು ಕಟ್ಟಿದವರು ಅರಸರಲ್ಲ, ನಮ್ಮ ಅಜ್ಜಂದಿರು. ಪರಾಧೀನತೆಯಲ್ಲಿಯೂ ತಮ್ಮ ಕೈಯಿಂದ ಏನನ್ನಾದರೂ ನಿಲ್ಲಿಸುವೆವೆಂಬ ಹಟದಿಂದ, ಆನಂತರ ಸ್ವತಂತ್ರರಾದೆವೆಂಬ ಉತ್ಸಾಹದಿಂದ ಅವರು ಕಟ್ಟಿದರು. ಜನಸಾಮಾನ್ಯರ ಕರ್ತೃತ್ವಕ್ಕೆ ಬೇರೆ ಶಾಸನಗಳಿಲ್ಲ. ಆ ಗೋಡೆಗಳೇ ಅವರ ಶಾಸನ. ಕಲ್ಲಿನ ಶಾಸನವನ್ನು ಒಡೆದವನಿಗೆ ನಮ್ಮ ಪೂರ್ವಿಕರು ಶಾಪ ಬರೆದಿಟ್ಟರು. ನಮ್ಮ ಕಾಲದ ಈ ಶಾಸನಗಳನ್ನು ನಾವೇ ಒಡೆಯುತ್ತಿರುವಾಗ ಶಾಪ ಹಾಕುವವರು ಯಾರು?

ಭೋಜದಿಂದ ಹೊರಡುವಾಗ ಕಾಕಾ ಅವರು ಬಾಗಿಲವರೆಗೆ ಬಂದು, “ಸಾಹೇಬರ, ನಿಮ್ಮ ಪೇಪರದಾಗ ಬರೀರಿ. ದೀಪಾವಳಿ ತನಕಾ ಹುಡುಗೂರ್ನ ನಾ ತಡೀತೀನಿ. ಆಮ್ಯಾಲೆ ನನ್ನ ಕೈಯಾಗಿಲ್ಲ” ಎಂದರು. ಅವರು ಕೇಳಿದ್ದು ದಾನವನ್ನಲ್ಲ. ತಮ್ಮ ತಂದೆ ಕಟ್ಟಿದ್ದು ಊರಿಗೆ ಬೇಕೋ ಬೇಡವೋ ಎಂಬ ಒಂದು ಮಾತನ್ನು ಮಾತ್ರ. ಆ ಮಾತನ್ನು ಹೇಳತಕ್ಕವರು ನಿಪ್ಪಾಣಿಯ ನಗರಸಭಾಸದಸ್ಯರು, ತಾಲೂಕಿನ ಅಧಿಕಾರಿಗಳು ಮತ್ತು ನಮ್ಮ ವಾಚಕರು. ಬರೆಯುವ ಕರ್ತವ್ಯವನ್ನು ನಾವು ಮಾಡಿದ್ದೇವೆ. ದೀಪಾವಳಿಗೆ ಇನ್ನು ಬಹಳ ದಿನಗಳು ಉಳಿದಿಲ್ಲ.